ಪ್ಲಗ್ಗಿನ ಬಣ್ಣ

ಕುಡಿಯುವುದನ್ನು ಬಿಟ್ಟ ಮೇಲೆ ಗಂಗಾಧರನಿಗೆ ತನ್ನ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯದಾಯಿತು. ಹೊನ್ನವಳ್ಳಿಯಲ್ಲಿ ಅವನದು ಬೋರ್‌ವೆಲ್ ಮೋಟರ್ ರಿಪೇರಿ ಅಂಗಡಿ. ಸುಟ್ಟ ಮೋಟರ್ ಬಿಚ್ಚಿ ತಂತಿ ಸುತ್ತುತ್ತಾ ಕೂತರೆ ಹೊತ್ತು ಹೋಗುತ್ತಿತ್ತು. ಆದರೆ ಆ ವರ್ಷ ಮಳೆ ಚೆನ್ನಾಗಿ ಹಿಡಿದು ತೋಟದವರು ಮೋಟರ್ ಹಾಕುವುದನ್ನೇ ಮರೆತಿದ್ದರು. ಮಧ್ಯಾಹ್ನಕ್ಕೆಲ್ಲ ಅಂಗಡಿ ಮುಚ್ಚಿ ಮನೆಗೆ ಬರುತ್ತಿದ್ದ. ಬಂದವನು ಕೂರುತ್ತಿರಲಿಲ್ಲ. ಹಜಾರದಿಂದ ಹಿತ್ತಿಲಿಗೆ, ಹಿತ್ತಿಲಿಂದ ತೋಟಕ್ಕೆ, ತೋಟದಿಂದ ಮತ್ತೆ ಹಜಾರಕ್ಕೆ. ಸ್ವಿಚ್ ಬೋರ್ಡು ಬಿಚ್ಚಿ ಮತ್ತೆ ಕೂರಿಸಿದ. ಸರಿಯಾಗಿ ತಿರುಗುತ್ತಿದ್ದ ಫ್ಯಾನು ಇಳಿಸಿ ಒರೆಸಿ ಏರಿಸಿದ. ಮಿಕ್ಸಿ ಬಿಚ್ಚಿದ ದಿನ ಮಾತ್ರ ಅವನ ಹೆಂಡತಿ ಮಂಗಳಾ, “ಚಟ್ನಿ ಆದ್ಮೇಲೆ ಬಿಚ್ಚಿದ್ರೆ ಆಗ್ತಿರ್ಲಿಲ್ವಾ?” ಅಂದಳು.

ಕೊನೆಗೆ ಅವನ ಕಣ್ಣು ಬುಲೆಟ್ಟಿನ ಮೇಲೆ ಬಿತ್ತು. ಮದುವೆಗೆ ಮುಂಚೆ ಕೊಂಡ ಹಳೆಯ ಗಾಡಿ. ತಿಪಟೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಗಾಳಿ ಸಲೀಸಾಗಿ ಹಾಯುವ ಹೊಸ ಸೈಲೆನ್ಸರ್ ತಂದ. ಏರ್ ಫಿಲ್ಟರಿನ ಹಳೆಯ ಡಬ್ಬ ಕಿತ್ತು, ಅದರ ಜಾಗಕ್ಕೆ ಬರಿಯ ಕೋನ್ ಫಿಲ್ಟರ್ ಸಿಕ್ಕಿಸಿದ. ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಅಷ್ಟು ಹೊತ್ತು ಬೇರೇನೂ ನೆನಪಾಗಲಿಲ್ಲ. ಕಿಕ್ ಹೊಡೆದಾಗ ಎದ್ದ ಸದ್ದಿಗೆ ಪಕ್ಕದ ಮನೆ ಸಿದ್ದಮ್ಮನ ಹಸು ಗೂಟ ಕಿತ್ತುಕೊಂಡು ತೋಟಕ್ಕೆ ನುಗ್ಗಿತು. ಗಂಗಾಧರನೇ ಓಡಿಹೋಗಿ ಹಿಡಿದು ತಂದ.

ಸದ್ದೇನೋ ಗಟ್ಟಿಯಾಯಿತು, ಗಾಡಿ ಮಾತ್ರ ಕೆಟ್ಟಿತು. ಪೂರ್ತಿ ಎಕ್ಸಲೇಟರ್ ಕೊಟ್ಟರೆ ದಮ್ಮು ಕಟ್ಟಿದವನಂತೆ ತಡವರಿಸುತ್ತಿತ್ತು. ಎಕ್ಸಲೇಟರ್ ಬಿಟ್ಟರೆ ಸೈಲೆನ್ಸರಿನಲ್ಲಿ ಪಟಾಕಿ ಸಿಡಿದ ಹಾಗೆ ಪಟಪಟ. ಎಂಜಿನ್ನಿನ ಕಾವಿಗೆ ಮೀನಖಂಡ ಸುಡುತ್ತಿತ್ತು. ಕಾರಣ ಅವನಿಗೆ ಗೊತ್ತಾಯಿತು. ಒಳಗೆ ಬರುವ ಗಾಳಿ ಹೆಚ್ಚಾಗಿದೆ, ಹೊಗೆ ಹೊರಗೆ ಹೋಗುವ ದಾರಿ ಅಗಲವಾಗಿದೆ, ಪೆಟ್ರೋಲು ಮಾತ್ರ ಹಳೆಯ ತೂತಿನಿಂದಲೇ ಬರುತ್ತಿದೆ. ಆ ತೂತು ಇರುವುದು ಕಾರ್ಬೊರೇಟರಿನ ಹೊಟ್ಟೆಯೊಳಗೆ ಕೂತಿರುವ ಜೆಟ್ಟಿನಲ್ಲಿ. ಬೆರಳ ತುದಿಯಷ್ಟು ಹಿತ್ತಾಳೆ, ನಡುವೆ ಕೂದಲು ತೂರುವಷ್ಟು ಕಂಡಿ. ಅದನ್ನು ತೆಗೆದು ದೊಡ್ಡ ಕಂಡಿಯದು ಹಾಕಬೇಕು. ಎಷ್ಟು ದೊಡ್ಡದು ಅನ್ನುವುದನ್ನು ಹಾಕಿ, ಓಡಿಸಿ, ನೋಡಿಯೇ ತಿಳಿಯಬೇಕು.

ಸ್ಪೇರ್ ಪಾರ್ಟ್ಸ್ ಅಂಗಡಿಯ ಮೋಹನ್ ಬೇರೆಬೇರೆ ನಂಬರಿನ ಜೆಟ್ಟುಗಳನ್ನು ಪೊಟ್ಟಣ ಕಟ್ಟಿ ಕೊಟ್ಟ. “ಸೈಲೆನ್ಸರ್ ಹಾಕ್ಸೋ ಹುಡುಗ್ರು ಯಾರೂ ಇಷ್ಟು ತಲೆ ಕೆಡಿಸ್ಕೊಳಲ್ಲಣ್ಣ. ಹಂಗೇ ಓಡಿಸ್ತಾರೆ.”

“ಕಾದು ಕಾದು ಪಿಸ್ಟನ್ ಹಿಡ್ಕೊಂಡ್ರೆ?”

“ಆಮೇಲೆ ಇಲ್ಲಿಗೇ ಬತ್ತಾರೆ ಬುಡು,” ಎಂದು ಮೋಹನ್ ನಕ್ಕ.

ಜೆಟ್ಟು ಸರಿಯಾಯಿತೋ ಇಲ್ಲವೋ ಹೇಳುವುದು ಎಂಜಿನ್ನಿನ ತಲೆಯಲ್ಲಿ ಕೂತು ಕಿಡಿ ಹಾರಿಸುವ ಪ್ಲಗ್ಗು. ಉದ್ದನೆಯ ನೇರ ರಸ್ತೆಯಲ್ಲಿ ಪೂರ್ತಿ ಎಕ್ಸಲೇಟರ್ ಹಿಡಿದು ಹೋಗಬೇಕು. ಹೋಗುವ ಜೋರಿನಲ್ಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಗಾಡಿ ಉರುಳಿಕೊಂಡು ಹೋಗಿ ನಿಂತ ಕಡೆ ಪ್ಲಗ್ ಬಿಚ್ಚಿ ನೋಡಬೇಕು. ಸುಣ್ಣದ ಹಾಗೆ ಬೆಳ್ಳಗಿದ್ದರೆ ಪೆಟ್ರೋಲು ಸಾಲದು, ಮಸಿ ಹಿಡಿದಿದ್ದರೆ ಜಾಸ್ತಿಯಾಗಿದೆ. ಆ ಸುತ್ತಿನ ರಸ್ತೆಗಳೆಲ್ಲ ತೋಟದ ಬೇಲಿ ಬಳಸಿಕೊಂಡು, ಕೆರೆ ಏರಿ ಹತ್ತಿ ಇಳಿದು ಸೊಟ್ಟಗೆ ಹೋಗುವಂಥವು. ನೇರವಾದದ್ದು ಒಂದೇ ಒಂದು ಪಟ್ಟಿ. ಅದರ ಒಂದು ತುದಿಯಲ್ಲಿ ಅರಳಿಕಟ್ಟೆ, ಇನ್ನೊಂದು ತುದಿಯಲ್ಲಿ, ತೆಂಗಿನ ಮರಗಳ ನಡುವೆ, ರಂಗಪ್ಪನ ಬಾರು.

ಮೊದಲ ಸಲ ಅರಳಿಕಟ್ಟೆಯಿಂದ ಹೊರಟು ಎಂಜಿನ್ ಆಫ್ ಮಾಡಿದಾಗ ಗಾಡಿ ಸದ್ದಿಲ್ಲದೆ ಉರುಳುತ್ತಾ ಹೋಗಿ ಸರಿಯಾಗಿ ಬಾರಿನ ಎದುರಿಗೆ ನಿಂತಿತು. ಪ್ಲಗ್ಗು ಬೆಳ್ಳಗಿತ್ತು. ಮನೆಗೆ ಬಂದು ಜೆಟ್ಟು ಬದಲಾಯಿಸಿ ಮಾರನೆಯ ದಿನ ಹೋದ. ಮತ್ತೆ ಬಾರಿನ ಎದುರಿಗೆ ನಿಂತ. ಮತ್ತೆ ಬಿಳಿ. ಹೀಗೇ ದಿನವೂ ನಡೆಯಿತು. ಜೆಟ್ಟು ದೊಡ್ಡದಾಗುತ್ತಾ ಹೋಯಿತು, ಬಿಳಿ ಸ್ವಲ್ಪ ಸ್ವಲ್ಪ ಮಾಸುತ್ತಾ ಬಂತು. ಒಂದು ಸಂಜೆ ಪ್ಲಗ್ಗು ತಣಿಯಲೆಂದು ಕಾಯುತ್ತಾ ನಿಂತವನ ಕಾಲು ತಾನಾಗಿಯೇ ರಸ್ತೆ ದಾಟಿತು. ಅವನು ಮೆಟ್ಟಿಲು ಹತ್ತಿದ್ದನ್ನು ನೋಡಿ ರಂಗಪ್ಪ ಹಿಂದೆ ತಿರುಗಿ ಅವನ ಬ್ರಾಂಡಿನ ಬಾಟ್ಲಿಗೇ ಕೈ ಹಾಕಿದ. ಇಷ್ಟು ದಿನವಾದರೂ ಮರೆತಿರಲಿಲ್ಲ. ಗಂಗಾಧರ ಆ ಬಾಟ್ಲಿಯಿಂದ ಕಣ್ಣು ಕಿತ್ತ.

“ಸೋಡಾ ಕೊಡು,” ಅಂದ. “ಬರೀ ಸೋಡಾ.”

ನಿಂತುಕೊಂಡೇ ಕುಡಿದು ಇಳಿದು ಬಂದ. ಮಾರನೆಯ ದಿನ ಬೇಕೆಂದೇ ನಡುವಿನ ನಂಬರುಗಳನ್ನು ಬಿಟ್ಟು ಎಲ್ಲಕ್ಕಿಂತ ದೊಡ್ಡ ಜೆಟ್ಟು ಹಾಕಿಕೊಂಡು ಹೋದ. ಪ್ಲಗ್ಗು ಮಸಿಯಾಯಿತು. ಗಾಡಿ ಕೆಮ್ಮುತ್ತಾ ಕಪ್ಪು ಹೊಗೆ ಬಿಡುತ್ತಾ ಮನೆ ಸೇರಿತು.

ಮಂಗಳಾ ಮುದ್ದೆ ಬಡಿಸಿ ಎದುರಿಗೆ ಕೂತಳು. ಯಾವತ್ತೂ ಹಾಗೆ ಕೂರುವವಳಲ್ಲ.

“ಭೀಮರಾಜು ಬಂದಿದ್ದ,” ಅಂದಳು. ಭೀಮರಾಜು ಅವಳ ತಮ್ಮ, ಕಾಯಿ ಲೋಡಿನ ಟೆಂಪೊ ಓಡಿಸುತ್ತಾನೆ. “‘ಭಾವ ರಂಗಪ್ಪನ ಅಂಗ್ಡಿಯಿಂದ ಇಳೀತಿದ್ರು ಕಣಕ್ಕ’ ಅಂದ. ನಾನು ಇಲ್ಲ ಅಂದೆ. ಗಾಡಿ ದಿನಾ ಅಲ್ಲೇ ನಿಂತಿರ್ತದೆ ಅಂದ. ಅದಕ್ಕೇನು ಹೇಳ್ಬೇಕು ತೋಚಲಿಲ್ಲ.”

“ಗಾಡಿ ಟೆಸ್ಟ್ ಮಾಡ್ತಿದ್ದೆ ಕಣೇ.” ಅವನು ತಟ್ಟೆ ಬಿಟ್ಟು ಎದ್ದ. ಕೈ ತೊಳೆದು ಬಂದು ನೆಲದ ಮೇಲೆ ಪ್ಲಗ್ಗುಗಳನ್ನೂ ಜೆಟ್ಟುಗಳನ್ನೂ ಹರಡಿದ. ಎಕ್ಸಲೇಟರ್ ಹಿಡಿಯುವುದು, ಎಂಜಿನ್ ಆಫ್ ಮಾಡುವುದು, ಉರುಳಿ ನಿಲ್ಲುವುದು, ಬಣ್ಣ ನೋಡುವುದು, ಎಲ್ಲ ಹೇಳಿದ. ಹೇಳುತ್ತಾ ಹೇಳುತ್ತಾ ದನಿ ಏರಿತು. “ನೇರ ರಸ್ತೆ ಅದೊಂದೇ ಇರೋದು. ಗಾಡಿ ಅಲ್ಲಿಗೋಗಿ ನಿಂತ್ರೆ ನಾನೇನ್ ಮಾಡ್ಲಿ? ಒಂದಿನ ಹತ್ದೆ ನಿಜ. ಸೋಡಾ ಕುಡ್ದೆ. ಬೇಕಾದ್ರೆ ರಂಗಪ್ಪನ್ನೇ ಕೇಳು.”

ಮಂಗಳಾ ಒಂದು ಜೆಟ್ಟನ್ನು ಬೆಳಕಿಗೆ ಹಿಡಿದು ಕಂಡಿಯ ಒಳಗೆ ನೋಡಿದಳು. ಆಮೇಲೆ ಕೇಳಿದಳು.

“ಆ ಕಡೆಯಿಂದ ಈ ಕಡೀಕೆ ಓಡಿಸ್ಬೋದಿತ್ತಲ್ಲ?”

“ಅಂದ್ರೆ?”

“ಬಾರಿನ ಕಡೆಯಿಂದ ಹೊರಟು ಅರಳಿಕಟ್ಟೆ ತಾವ ನಿಲ್ಲಿಸೋದು. ರಸ್ತೆ ಅದೇ ಅಲ್ವಾ?”

ಗಂಗಾಧರ ಕಾರಣ ಹುಡುಕಿದ. ಅರಳಿಕಟ್ಟೆಯಲ್ಲಿ ಜನ ಕೂತಿರುತ್ತಾರೆ ಅನ್ನೋಣವೆಂದರೆ ಅದು ಕಾರಣವೇ ಅಲ್ಲ. ಏರು ಇದೆ ಅನ್ನೋಣವೆಂದರೆ ಏರಿಲ್ಲ. ಇಷ್ಟು ದಿನ ಒಂದೊಂದು ಸ್ಕ್ರೂ ಲೆಕ್ಕ ಹಾಕಿ ತಿರುಗಿಸಿದವನಿಗೆ ಇದು ಹೊಳೆಯಲೇ ಇಲ್ಲವೇ? ಹೊಳೆದಿತ್ತೋ ಏನೋ. ಅವಳು ಅವನ ಮುಖ ನೋಡಿದಳು. ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

ಆ ರಾತ್ರಿ ಇಬ್ಬರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಅವನು ಮಸಿ ಹಿಡಿಸಿದ ಜೆಟ್ಟು ಬಿಚ್ಚಿ ಅದಕ್ಕಿಂತ ಚಿಕ್ಕದನ್ನು ಹಾಕುತ್ತಿದ್ದಾಗ ಮಂಗಳಾ ತಲೆ ಬಾಚಿಕೊಂಡು, ಬಾಗಿಲಿಗೆ ಬೀಗ ಹಾಕಿ ಬಂದು ನಿಂತಳು.

“ನಾನೂ ಬತ್ತೀನಿ.”

“ಎಲ್ಲಿಗೆ?”

“ನೀವು ಹೋಗೋ ಕಡೀಕೆ. ಯಾವ್ ಕಡೆಯಿಂದ ಹೋಗ್ತಿದ್ರೋ ಹಂಗೇ ಹೋಗಿ.”

ಅರಳಿಕಟ್ಟೆ ದಾಟಿದ ಕೂಡಲೇ ಅವನು ಎಕ್ಸಲೇಟರ್ ಪೂರ್ತಿ ತಿರುಗಿಸಿದ. ಸದ್ದಿಗೆ ಎರಡು ಬದಿಯ ತೋಟಗಳೂ ಗುಂಯ್‌ಗುಟ್ಟಿದವು. ಮಂಗಳಾ ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಳು. ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿದ. ಬರೀ ಗಾಳಿಯ ಸದ್ದು, ಚಕ್ರದ ಸದ್ದು. ಗಾಡಿ ನಿಧಾನವಾಗಿ ಉರುಳಿ ಬಾರಿನ ಎದುರಿಗೆ ನಿಂತಿತು.

ಬಾಗಿಲು ತೆರೆದಿತ್ತು. ಒಳಗಿನ ಬೆಂಚಿನ ಮೇಲೆ ಆಗಲೇ ಕೆಲವರು ಕೂತಿದ್ದರು. “ಗಂಗಾಧರಣ್ಣ, ಏನು ಒಳಗೇ ಬರಲ್ಲ?” ಎಂದು ಕೂಗಿದವನೊಬ್ಬ ಹಿಂದೆ ಕೂತ ಹೆಂಗಸನ್ನು ನೋಡಿ ಆಚೆ ತಿರುಗಿ ಕೂತ. ಗಂಗಾಧರ ಸ್ಪ್ಯಾನರ್ ಹಾಕಿ ಪ್ಲಗ್ಗು ತಿರುಗಿಸಿದ. ಕಣ್ಣು ಬಾರಿನ ಬಾಗಿಲ ಕಡೆಗಿತ್ತು. ಸಡಿಲವಾದ ಪ್ಲಗ್ಗನ್ನು ಬಟ್ಟೆ ಸುತ್ತದೆ ಬರಿಗೈಯಲ್ಲಿ ಹಿಡಿದುಬಿಟ್ಟ. ಚುರ್ ಅಂತು. ಪ್ಲಗ್ಗು ಮಣ್ಣಿಗೆ ಬಿತ್ತು, ಅವನು ಬೆರಳು ಬಾಯಿಗಿಟ್ಟುಕೊಂಡ.

“ತೋರಿಸಿ,” ಅಂದಳು ಮಂಗಳಾ. ನೋಡಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ರಸ್ತೆ ದಾಟಿದಳು. ಅವನು ಬೇಡ ಅನ್ನುವಷ್ಟರಲ್ಲಿ ಮೆಟ್ಟಿಲು ಹತ್ತಿಯಾಗಿತ್ತು. ಒಳಗಿದ್ದವರಲ್ಲಿ ಒಬ್ಬ ಗ್ಲಾಸನ್ನು ಬೆಂಚಿನ ಕೆಳಗೆ ಇಟ್ಟ. ಕೌಂಟರಿನ ಮುಂದೆ ಅವಳು ಏನೋ ಕೇಳಿದ್ದು, ರಂಗಪ್ಪ ಗಡಿಬಿಡಿಯಲ್ಲಿ ಫ್ರಿಜ್ಜಿನ ಬಾಗಿಲು ತೆಗೆದದ್ದು ಗಂಗಾಧರನಿಗೆ ಕಂಡಿತು. ಅವಳು ತಣ್ಣನೆಯ ನೀರಿನ ಬಾಟ್ಲಿ ಹಿಡಿದುಕೊಂಡು ಬಂದು ಅವನ ಬೆರಳಿಗೆ ಸುರಿದಳು.

“ಒಳಗೆ ಬೆಳಕೇ ಇಲ್ಲ,” ಅಂದಳು. “ಇಷ್ಟು ವರ್ಷ ಅಲ್ಲಿ ಹೆಂಗ್ ಕೂತಿದ್ರಿ?”

“ಗೊತ್ತಿಲ್ಲ ಕಣೇ.”

ಬಿದ್ದ ಪ್ಲಗ್ಗನ್ನು ಅವಳೇ ಬಟ್ಟೆಯಲ್ಲಿ ಎತ್ತಿದಳು. “ಇದು ಯಾವ ಬಣ್ಣ ಇರ್ಬೇಕು?”

“ಕಂದು.”

“ಅಟ್ಟದಿಂದ ಇಳಿಸಿ ಒಡೆದ ಉಂಡೆ ಕೊಬ್ಬರಿ ಮೈ ಥರ?”

“ಹೂಂ. ಹಂಗೇ.”

“ಹಂಗಾದ್ರೆ ಇದು ಆಗಿಲ್ಲ. ಅಂಚೆಲ್ಲ ಕಪ್ಪಗೈತೆ.”

ಇನ್ನೊಂದು ನಂಬರು ಇಳಿಸಬೇಕು. ಪೊಟ್ಟಣ ಜೇಬಿನಲ್ಲೇ ಇತ್ತು. ಆದರೆ ಕಾದ ಎಂಜಿನ್ನಿನ ಪಕ್ಕದಲ್ಲಿ ಪೆಟ್ರೋಲು ಚೆಲ್ಲುವಂತಿಲ್ಲ. ತಣ್ಣಗಾಗುವವರೆಗೆ ಕಾಯಬೇಕು. ಇಬ್ಬರೂ ರಸ್ತೆ ಬದಿಯ ಕಲ್ಲಿನ ಮೇಲೆ, ಬಾರಿಗೆ ಎದುರಾಗಿ ಕೂತರು. ಒಳಗಿನಿಂದ ವಾಸನೆ ಗಾಳಿಯಲ್ಲಿ ಬಂದು ಬಂದು ಹೋಗುತ್ತಿತ್ತು. ಗಂಗಾಧರ ಕೂತಲ್ಲಿ ಕೂರಲಾರದಾದ. ಎದ್ದ, ಗಾಡಿಯ ಸುತ್ತ ತಿರುಗಿದ, ಬಂದು ಕೂತ, ಮತ್ತೆ ಎದ್ದ. ಮಂಗಳಾ ಅವನಿಗೆ ಕೂತ್ಕೊಳ್ಳಿ ಅನ್ನಲಿಲ್ಲ. ಹಾಲ್ಕುರಿಕೆಯ ತನ್ನ ಅಕ್ಕನ ಮನೆಯಲ್ಲಿ ಹಸು ಕರು ಹಾಕಿದ್ದು, ಗಿಣ್ಣು ಕಳಿಸುತ್ತೇನೆ ಎಂದವಳು ಕಳಿಸದೆ ಹೋದದ್ದು, ಇಂಥದ್ದನ್ನೇ ಹೇಳುತ್ತಾ ಕೂತಳು. ಅವನಿಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ.

“ಸೋಡಾ ಕುಡಿದ ದಿನ,” ಎಂದು ಅವನು ನಡುವೆ ಬಾಯಿ ಹಾಕಿದ, “ಸೋಡಾ ಕುಡಿಯೋಕೆ ಅಂತ ಹತ್ಲಿಲ್ಲ ಕಣೇ ನಾನು.”

“ಗೊತ್ತು.” ಅವಳು ಎದ್ದು ಎಂಜಿನ್ ಮುಟ್ಟಿ ನೋಡಿದಳು. “ತಣ್ಣಗಾಗೈತೆ. ಬಿಚ್ಚಿ.”

ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕೊಳಾಯಿ ಮುಚ್ಚಿ, ಕಾರ್ಬೊರೇಟರಿನ ಕೆಳಗಿನ ಬಟ್ಟಲು ಬಿಚ್ಚಿದ. ಉಳಿದಿದ್ದ ಪೆಟ್ರೋಲು ಮಣ್ಣಿಗೆ ಸುರಿಯಿತು. ಸ್ಕ್ರೂಡ್ರೈವರಿಗೆ ಜೆಟ್ಟು ಸುಲಭವಾಗಿ ಬಂತು. ಹೊಸದನ್ನು ಕೂರಿಸುವಾಗ ಮಾತ್ರ ಸುಟ್ಟ ಬೆರಳು ಕೆಲಸಕ್ಕೆ ಬಾರದೆ ಮಂಗಳಾಳೇ ಅದನ್ನು ಎರಡು ಬೆರಳಲ್ಲಿ ಹಿಡಿದು ಮೊದಲ ಸುತ್ತು ತಿರುಗಿಸಿದಳು. ಜೇಬಿನಲ್ಲಿದ್ದ ಹೊಸ ಪ್ಲಗ್ಗು ಹಾಕಿ ಗಾಡಿಯನ್ನು ಅರಳಿಕಟ್ಟೆಯ ಕಡೆ ತಿರುಗಿಸಿದರು.

ಈ ಸಲ ಎಕ್ಸಲೇಟರ್ ತಿರುಗಿಸಿದಾಗ ಗಾಡಿ ತಡವರಿಸಲಿಲ್ಲ. ಕೊಟ್ಟಷ್ಟನ್ನೂ ತೆಗೆದುಕೊಂಡು ಎಳೆಯಿತು. ಅರಳಿಕಟ್ಟೆಯ ಮುಂದೆ ಉರುಳಿ ನಿಂತಾಗ ಕಟ್ಟೆಯ ಮೇಲಿದ್ದ ವಯಸ್ಸಾದ ದಾಸಯ್ಯ, “ಕೆಟ್ಟೋಯ್ತೇನಪ್ಪ ಗಂಗಾಧರ?” ಎಂದು ಎದ್ದು ಬಂದರು. ಗಂಗಾಧರ ಬಿಚ್ಚಿದ ಪ್ಲಗ್ಗನ್ನು ಮಂಗಳಾ ಬಟ್ಟೆಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿ ತೋರಿಸಿದಳು. ಕಂದು. ಒಂದೇ ಸಮನಾಗಿ, ಒಳ್ಳೆಯ ಕೊಬ್ಬರಿಯ ಹಾಗೆ.

“ಇಲ್ಲ ತಾತ,” ಅಂದಳು. “ಸರಿಹೋಯ್ತು.”

ಗಂಗಾಧರನಿಗೆ ಸಂತೋಷವಾಗಬೇಕಿತ್ತು. ಆದದ್ದು ದಿಗಿಲು. ಮನೆಯ ದಾರಿಯಲ್ಲಿ ಗಾಡಿ ಹದವಾಗಿ ಓಡುತ್ತಿತ್ತು, ಎಕ್ಸಲೇಟರ್ ಬಿಟ್ಟರೂ ಪಟಪಟ ಅನ್ನುತ್ತಿರಲಿಲ್ಲ. ಏನಾದರೂ ತಪ್ಪು ಕೇಳೀತೇ ಎಂದು ಅವನು ಕಿವಿಗೊಟ್ಟ. ಏನೂ ಕೇಳಲಿಲ್ಲ. ಮನೆಯ ಮುಂದೆ ಮಂಗಳಾ ಇಳಿದರೂ ಅವನು ಇಳಿಯಲಿಲ್ಲ.

“ನಾಳೆ ಏನ್ ಮಾಡ್ಲಿ ಕಣೇ?” ಅಂದ. “ಇದೂ ಮುಗೀತಲ್ಲ.”

ಅವಳು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಮಾಧಾನದ ಮಾತು ಹೇಳುತ್ತಾಳೆ ಅಂದುಕೊಂಡ.

“ನನಗೆ ಗಾಡಿ ಓಡಿಸೋದು ಕಲಿಸಿ,” ಅಂದಳು. “ಬಲು ದಿನ ಹಿಡೀತದೆ. ನನಗೆ ಸೈಕಲ್ಲೇ ಬರಲ್ಲ.”

ಗಂಗಾಧರನಿಗೆ ನಗು ಬಂತು. ಹಿಂದೆಯೇ ಕಣ್ಣು ಮಂಜಾಯಿತು. ಸ್ಟ್ಯಾಂಡ್ ಹಾಕಿ ಇಳಿದು ಬುಲೆಟ್ಟಿನ ತೂಕ ಹೇಳಿದ, ಕಿಕ್ ವಾಪಸ್ ಹೊಡೆದರೆ ಕಾಲು ಮುರಿಯುತ್ತದೆ ಅಂದ, ಊರವರು ನಗುತ್ತಾರೆ ಅಂದ. ಅವಳು ಅದೊಂದನ್ನೂ ಕಿವಿಗೆ ಹಾಕಿಕೊಳ್ಳದೆ ಸೆರಗು ಬಿಗಿದು ಸೀಟಿನ ಮುಂದೆ ಹತ್ತಿ ಕೂತಳು. ಹ್ಯಾಂಡಲ್ಲು ಒಂದು ಕಡೆಗೆ ವಾಲಿತು. ಅವನು ತಟ್ಟನೆ ಮುಂದೆ ಬಂದು ಎರಡೂ ಕೈಯಲ್ಲಿ ಗಾಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಎಡಗೈ ಹತ್ತಿರ ಇರುವುದು ಕ್ಲಚ್ಚು, ಮೊದಲು ಅದನ್ನು ಹಿಡಿ ಎಂದು ಹೇಳತೊಡಗಿದ.