ವಾರಿಗ್ಯಾಳ ಹೆಸರು

ಸೊಸೆ ಬಸುರಿ ಎಂದು ಗೊತ್ತಾದ ದಿನದಿಂದ ನ್ಯಗುಥಿ ಮುದುಕಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹುಟ್ಟುವುದು ಹೆಣ್ಣಾದರೆ ಅದು ನ್ಯಗುಥಿಯೇ, ಅದರಲ್ಲಿ ಎರಡು ಮಾತಿಲ್ಲ ಎಂದು ಸಂತೆಯಲ್ಲೂ ತೊರೆಯ ಬಳಿಯಲ್ಲೂ ಸಾರಿದ್ದಳು. ಮೊದಲ ಗಂಡಿಗೆ ಅಪ್ಪನ ಅಪ್ಪನ ಹೆಸರು, ಮೊದಲ ಹೆಣ್ಣಿಗೆ ಅಪ್ಪನ ಅವ್ವನ ಹೆಸರು. ಗಿಕುಯು ಜನರಲ್ಲಿ ಹೆಸರು ಉಳಿದರೆ ಆಳೇ ಉಳಿದಂತೆ. ಒಬ್ಬನೇ ಮಗನ ತಾಯಿಗೆ ಉಳಿಯಲು ಬೇರೆ ದಾರಿಯಾದರೂ ಎಲ್ಲಿತ್ತು?

ಆ ಮಗ ಕರೀಥಿ. ಬಿಳಿಯರ ಆಳ್ವಿಕೆಯ ವಿರುದ್ಧ ನೀರಿನ ಕೊಳವೆಯಿಂದ ಮಾಡಿದ ಬಂದೂಕು ಹಿಡಿದು ನಾಲ್ಕು ವರ್ಷ ನ್ಯಾಂಡರುವಾ ಕಾಡಿನಲ್ಲಿದ್ದು, ಚಳಿಗೆ ಎರಡು ಕಾಲ್ಬೆರಳು ಕಳೆದುಕೊಂಡು, ಆಮೇಲೆ ಸೆರೆಯನ್ನೂ ಕಂಡು ಬಂದವನು. ಸ್ವಾತಂತ್ರ್ಯ ಬಂದು ಆರು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಅವನು ತಾಯಿಯ ಒಲೆಯ ಮುಂದೆ ಬಂದು ಕೂತ.

"ಅವ್ವ, ಹೆಣ್ಣಾದ್ರೆ ವಾರಿಗ್ಯಾ ಅಂತ ಇಡೋಣ ಅಂತಿದ್ದೀನಿ."

"ಯಾವ ವಾರಿಗ್ಯಾ? ಕಣಿವೆ ಆಚೆ ಇದ್ದಾಳಲ್ಲ, ಆ ವಿಧವೇನಾ? ಅವಳೇನು ನಿನ್ನ ಹೆತ್ತಳಾ?"

"ಹೆರಲಿಲ್ಲ. ಸಾಯೋಕೂ ಬಿಡಲಿಲ್ಲ. ಗೊಬ್ಬರದ ಬುಟ್ಟಿ ತಳದಲ್ಲಿ ಗೆಣಸು ಬಚ್ಚಿಟ್ಟು ಕಾಡಿನ ಅಂಚಿಗೆ ತರ್ತಿದ್ಲು. ಬಿಳಿಯರೇನು ಸುಮ್ನೆ ಎದ್ದು ಹೋದ್ರಾ? ನಾವು ಬಡಿದಾಡಿದ್ದಕ್ಕೂ ಹೋದ್ರು. ನಾವು ಬಡಿದಾಡಿದ್ದು ಅವಳ ಗೆಣಸು ತಿಂದು."

"ಹಾಗಾದ್ರೆ ಒಂದು ಮೇಕೆ ಹೊಡ್ಕೊಂಡು ಹೋಗಿ ಕೊಡು! ನನ್ನ ಹೆಸರ ಜಾಗ ಯಾಕೆ ಕೊಡ್ತೀಯ? ಎರಡನೇ ಹೆಣ್ಣು ನಿಮ್ಮತ್ತೆ ಪಾಲು. ನನ್ನೆಲ್ಲಿ ಇಡ್ತೀಯ, ಅಟ್ಟದ ಮೇಲಾ?"

ಕರೀಥಿ ನಕ್ಕ. "ನೀನು ಒಪ್ಪದೆ ಇಡಲ್ಲವ್ವ. ಹಕ್ಕು ನಿಂದು."

ಜಗಳವಾಡಿದ್ದರೆ ಅವಳು ಗೆದ್ದುಬಿಡುತ್ತಿದ್ದಳು. ಹಕ್ಕು ನಿಂದು ಎಂದದ್ದೇ ಎದೆಗೆ ಚುಚ್ಚಿತು.

ಯಾಕೆಂದರೆ ಅವಳೊಳಗೆ ಒಂದು ಸಂಜೆ ಕೂತಿತ್ತು. ಕಾಡಿನವರಿಗೆ ಒಂದು ತುತ್ತು ಕೊಟ್ಟರೂ ಗುಡಿಸಲು ಸುಡುತ್ತೇವೆ ಎಂದು ಸಿಪಾಯಿಗಳು ಸಾರಿ ಹೋದ ದಿನವದು. ಕತ್ತಲಾಗುವ ಮೊದಲು ಯಾರೋ ಬಾಗಿಲು ಬಡಿದರು. "ಅವ್ವ," ಎಂದಿತು ದನಿ. ಗುರುತು ಸಿಗದ ದನಿಯೇ ಅದು? ಒಲೆಯ ಮೇಲೆ ಅವರೆ, ಮೆಕ್ಕೆಜೋಳ ಬೇಯುತ್ತಿತ್ತು. ನ್ಯಗುಥಿ ಬಾಯಿಗೆ ಕೈ ಅಡ್ಡ ಹಿಡಿದು ಕೂತೇ ಇದ್ದಳು. ದನಿ ಇನ್ನೊಮ್ಮೆ ಕರೆದು ಹೊರಟುಹೋಯಿತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮಗನೂ ಒಮ್ಮೆಯೂ ಕೇಳಿರಲಿಲ್ಲ.

ಮರುದಿನ ಅವಳು ಕಣಿವೆ ಇಳಿದು ಹತ್ತಿ ವಾರಿಗ್ಯಾಳ ಮನೆಗೆ ಹೋದಳು. ಹೋದದ್ದು ಜಗಳಕ್ಕೇ, ಸುಳ್ಳು ಯಾಕೆ ಹೇಳಬೇಕು. ವಾರಿಗ್ಯಾ ಅವರೆಯ ಸಾಲಿನಲ್ಲಿ ಕಳೆ ಕೀಳುತ್ತಿದ್ದಳು. ಬಲಗೈಯ ಮೂರು ಬೆರಳು ಸೊಟ್ಟಗಿದ್ದವು. ಬುಟ್ಟಿ ಸಿಪಾಯಿಗಳ ಕೈಗೆ ಸಿಕ್ಕಿಬಿದ್ದ ದಿನ ಅವರು ಮುರಿದದ್ದು.

"ನನ್ನ ಮಗನಿಗೆ ನಿನ್ನ ಹೆಸರು ಬೇಕಂತೆ," ಎಂದಳು ನ್ಯಗುಥಿ ಮುಖ ಗಂಟಿಕ್ಕಿ.

"ಅಯ್ಯೋ, ಹುಚ್ಚು ಅವನಿಗೆ! ಬೇಡ ಅಕ್ಕ, ನಿನ್ನ ಪಾಲು ನಿಂದು. ಕೂತ್ಕೋ, ಗಂಜಿ ಕುಡಿ."

"ಮೊದಲನೇ ಸಲ ನಿನ್ನ ಬಾಗಿಲಿಗೆ ಏನಂತ ಬಂದ?"

"ನಡುಗ್ತಾ ಬಂದ. ನಿಮ್ಮವ್ವನ ಹತ್ರ ಹೋಗ್ಬಾರದಿತ್ತಾ ಅಂತ ಬೈದೆ. ಅವ್ವ ಮನೇಲಿಲ್ಲ, ತವರಿಗೆ ಹೋಗಿದ್ದಾಳೆ ಅಂದ."

ನ್ಯಗುಥಿ ಗಂಜಿಯ ಸೋರೆಬುರುಡೆಯನ್ನು ತುಟಿಯಿಂದ ಇಳಿಸಿದಳು. ಆ ವರ್ಷ ಅವಳು ತವರಿನ ಮುಖವನ್ನೇ ನೋಡಿರಲಿಲ್ಲ.

"ನಿನ್ನ ಮಕ್ಕಳು?"

"ಒಬ್ಬಳಿದ್ಲು. ಸುತ್ತ ಕಂದಕ ತೋಡಿಸಿ ಸಿಪಾಯಿಗಳು ನಮ್ಮನ್ನೆಲ್ಲ ಕೂಡಿ ಹಾಕಿದ್ರಲ್ಲ, ಅಲ್ಲಿ ಹಸಿವಿಗೆ ಹೋದ್ಲು."

ಊರ ಮಕ್ಕಳಿಗೆ ಗೆಣಸು ಹೊತ್ತವಳ ಮಗಳು ಹಸಿವಿಗೆ ಹೋಗಿದ್ದಳು. ಇವಳ ಹೆಸರು ಹೊರಲು ಭೂಮಿಯ ಮೇಲೆ ಯಾರೂ ಇರಲಿಲ್ಲ. ನ್ಯಗುಥಿ ಗಂಜಿಯ ಬುರುಡೆ ಕೆಳಗಿಟ್ಟು, ಸಾಲಿಗಿಳಿದು ಕಳೆ ಕೀಳತೊಡಗಿದಳು. ಸಂಜೆಯೊಳಗೆ ಇಬ್ಬರೂ ಸೇರಿ ಇಡೀ ಹೊಲ ಮುಗಿಸಿದರು.

ತಿಂಗಳು ಕಳೆಯಿತು. ಸೊಸೆ ವಾಂಬುರಾಗೆ ನಸುಕಿನಲ್ಲಿ ನೋವು ಬಂತು. ಹೆರಿಗೆಮನೆಗೆ ಗಂಡಸರು ಬರುವಂತಿಲ್ಲ. ಕರೀಥಿ ಅಂಗಳದಲ್ಲಿ ನಿಂತು ಕಿವಿಗೊಟ್ಟ. ಹೆಂಗಸರ ಮಂಗಳದ ಕೂಗು ಐದಾದರೆ ಗಂಡು, ಮೂರಾದರೆ ಹೆಣ್ಣು. ಬಿಸಿಲು ಬೇಲಿಗೆ ಬಿದ್ದಾಗ ಕೂಗು ಎದ್ದಿತು. ಒಂದು. ಎರಡು. ಮೂರು. ಆಮೇಲೆ ಇಲ್ಲ.

ಒಳಗೆ ವಾಂಬುರಾ ಅತ್ತೆಯ ಮುಖ ನೋಡಿದಳು. "ಯಾರು ಬಂದ್ರು ಅತ್ತೆ?" ಹಾಗೆ ಕೇಳುವುದು ಪದ್ಧತಿ. ನಾನೇ ಬಂದೆ ಎಂದು ಅಜ್ಜಿ ಹೇಳಬೇಕು.

ನ್ಯಗುಥಿ ಕೂಸನ್ನು ಎತ್ತಿಕೊಂಡಳು. ಪುಟ್ಟ ಹಣೆ ಥೇಟ್ ಅವಳದೇ. ಆಸೆ ಒಂದು ಕ್ಷಣ ಜಗ್ಗಿತು, ಜಗ್ಗಲಿಲ್ಲ ಎಂದರೆ ಯಾರು ನಂಬುತ್ತಾರೆ? ಆಮೇಲೆ ಅಂಗಳಕ್ಕೂ ಕೇಳುವಂತೆ ಕೂಗಿದಳು. "ವಾರಿಗ್ಯಾ ಬಂದ್ಲು! ಕಣಿವೆ ಆಚೆಗೆ ಹೋಗಿ ಯಾರಾದ್ರೂ ಹೇಳ್ರೋ, ಅವಳು ಹುಟ್ಟಿದ್ಲು ಅಂತ!"

ಕೂಸನ್ನು ಹೊದಿಸಿ ಹೊರಬಂದಾಗ ಕರೀಥಿ ಅಳುತ್ತಿದ್ದ. ಅವಳು ಹತ್ತಿರ ಹೋದಳು.

"ಆವತ್ತು ನಾನು ಒಳಗೇ ಇದ್ದೆ, ಮಗ."

"ಗೊತ್ತವ್ವ. ಅವರೆ ಬೇಯೋ ವಾಸನೆ ಬರ್ತಿತ್ತು."

"ಗೊತ್ತಿದ್ದೂ ತವರಿಗೆ ಹೋಗಿದ್ದಾಳೆ ಅಂದ್ಯಾ?"

"ಮತ್ತೇನಂತ ಹೇಳ್ಲಿ? ನೀನು ನಮ್ಮವ್ವ."

ನ್ಯಗುಥಿ ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಒಳಗೆ ಹೋಗಿ ಒಲೆಯ ಮೇಲೆ ಅವರೆ ಇಟ್ಟು, ಬಾಗಿಲನ್ನು ಗೋಡೆಗೆ ತಾಗುವಷ್ಟು ಅಗಲ ತೆರೆದಿಟ್ಟಳು.