ದೀಕ್ಷಾಸ್ನಾನದ ಹೆಸರು

ಆ ದಿನ ಬೆಳಕು ಹರಿಯುವ ಮೊದಲೇ ಬಾಗಿಲ ಹೊರಗೆ ಹೆಜ್ಜೆಯ ಸಪ್ಪಳ ಕೇಳಿಸಿತು. ಅಡಿಸ್ ಅಬಾಬದ ನಮ್ಮ ಕೇರಿಯಲ್ಲಿ ಸಾವಿನ ಸುದ್ದಿಯನ್ನು ಒಬ್ಬರೇ ತರುವುದಿಲ್ಲ. ಮುಂಜಾವಿನಲ್ಲಿ ಹತ್ತು ಮಂದಿ ಕೂಡಿ ಬರುತ್ತಾರೆ. ನಾನೇ ಎಷ್ಟೋ ಮನೆಗಳಿಗೆ ಹಾಗೆ ಹೋದವನು.

"ಯಾರು ಹೋದದ್ದು?" ಎಂದೆ.

"ಫಂತಾಯೆ. ನಿಮ್ಮ ತಂಗಿ, ಅಣ್ಣಾ," ಎಂದಳು ನೆರೆಮನೆಯ ಝೆನೆಬೆಚ್. "ಈಗಲಾದ್ರೂ ತಂಗಿ ಅನ್ನಿ."

ತುತ್ತೂರಿ, ಗಿಟಾರುಗಳ ಮುಂದೆ ನಿಂತು ಹಾಡಿದ ನಮ್ಮ ಮೊದಲ ಹೆಂಗಸರಲ್ಲಿ ಫಂತಾಯೆ ಒಬ್ಬಳು. ರೇಡಿಯೋದಲ್ಲಿ ಅವಳ ದನಿ ಬಂದರೆ ಟ್ಯಾಕ್ಸಿಯವರು ಗಾಡಿ ನಿಲ್ಲಿಸುತ್ತಿದ್ದರು. ನಾನು ರೇಡಿಯೋ ಬಂದ್ ಮಾಡುತ್ತಿದ್ದೆ. ಹಾಡಿ ಹೊಟ್ಟೆ ಹೊರೆಯುವವರನ್ನು ನಮ್ಮಂಥ ಚರ್ಚಿನ ಮನೆತನಗಳು ಹೊಸಿಲು ದಾಟಿಸುತ್ತಿರಲಿಲ್ಲ. ಸೈನಿಕರು ರಾಜನನ್ನು ಇಳಿಸಿ ಕರ್ಫ್ಯೂ ಹಾಕಿದ ಮೇಲೆ ಹಾಡಿನ ಹೋಟೆಲುಗಳು ಮುಚ್ಚಿದವು. ಅವಳು ಸಂತೆಯಲ್ಲಿ ಮೆಣಸಿನಪುಡಿ ಮಾರಿದಳು. ಆ ಪುಡಿಯ ಘಾಟಿಗೇ ದನಿ ಹೋಯಿತಂತೆ.

ಎಂಟು ವರ್ಷದ ಹಿಂದೆ ಒಮ್ಮೆ ನನ್ನ ಬಾಗಿಲಿಗೆ ಬಂದಿದ್ದಳು.

"ಒಳಗೆ ಕರೀಬೇಡ, ಕಾಫಿನೂ ಬೇಡ. ನನ್ನ ದೀಕ್ಷಾಸ್ನಾನದ ಹೆಸರು ಹೇಳಿಬಿಡಣ್ಣ. ಅಮ್ಮನೂ ಹೋದ್ಲು. ನಿನ್ನ ಬಿಟ್ರೆ ಯಾರಿಗೂ ಗೊತ್ತಿಲ್ಲ."

"ಪೋಸ್ಟರಿನಲ್ಲಿ ಇತ್ತಲ್ಲ ಒಂದು ಹೆಸರು? ಅದರಲ್ಲೇ ಸಾಯಿ."

ಅವಳು ನಕ್ಕಳು. "ಅದನ್ನ ಕುಡುಕರು ಓದ್ತಾರೆ ಕಣಣ್ಣ, ದೇವರು ಓದಲ್ಲ."

ಹುಟ್ಟಿದ ಎಂಬತ್ತನೆಯ ದಿನ ಅವಳನ್ನು ನೀರಿನಿಂದ ಎತ್ತಿದಾಗ ಮೇಣದಬತ್ತಿ ಹಿಡಿದು ನಿಂತವನು ನಾನು. ನೀರಿನಲ್ಲಿ ಇಟ್ಟ ಆ ಹೆಸರಿನಿಂದ ನಮ್ಮಲ್ಲಿ ಯಾರೂ ಕರೆಯುವುದಿಲ್ಲ, ಮನೆಯ ಹಿರಿಯರಷ್ಟೇ ಅದನ್ನು ಕಾದಿಡುತ್ತಾರೆ. ಹೆಸರು ನಾಲಿಗೆಯ ತುದಿಯಲ್ಲಿತ್ತು. ಕೊಡಲಿಲ್ಲ.

ಈಗ ಅವಳನ್ನು ಮಣ್ಣು ಮಾಡುವ ಮೊದಲು, ಚರ್ಚಿನಲ್ಲಿ ಪಾದ್ರಿಗಳು ಪುಸ್ತಕ ತೆರೆದು ನನ್ನ ಕಡೆ ನೋಡಿದರು. ಸತ್ತವರ ಪ್ರಾರ್ಥನೆಯಲ್ಲಿ ಆ ಹೆಸರನ್ನೇ ಓದಬೇಕು.

"ಹೆಸರು ಹೇಳಿ, ಹಿರಿಯರೇ."

ಬಾಯಿ ತೆರೆದೆ. ನೀರು ನೆನಪಾಯಿತು, ಅಮ್ಮನ ಬಿಳಿ ಶಾಲು ನೆನಪಾಯಿತು, ಕೈ ಮೇಲೆ ಬಿದ್ದ ಬಿಸಿ ಮೇಣ ನೆನಪಾಯಿತು. ಹೆಸರು ಬರಲಿಲ್ಲ.

"ಫಂತಾಯೆ ಅಂತಲೇ ಓದಿ ಸ್ವಾಮಿ," ಎಂದಳು ಝೆನೆಬೆಚ್.

"ಅದು ಲೋಕದ ಹೆಸರು ತಾಯಿ."

ಕಾದರು. ಜನರೂ ಕಾದರು. ಕೊನೆಗೆ ಪಾದ್ರಿಗಳು ಓದತೊಡಗಿದರು. ಹೆಸರು ಬರಬೇಕಾದ ಕಡೆಯಲ್ಲೆಲ್ಲ ಒಂದು ಉಸಿರು ನಿಲ್ಲಿಸಿ ಮುಂದೆ ಹೋದರು. ಅಂಥ ಜಾಗ ಏಳು ಇದ್ದವು.

ಕರ್ತನೇ, ಆ ದಿನ ನೀರಿನ ಬಳಿ ನೀನೂ ಇದ್ದೆ. ನಾನು ಬಚ್ಚಿಟ್ಟು ಕಳೆದುಕೊಂಡ ಹೆಸರು ನಿನ್ನಲ್ಲಿದೆ. ಆ ಹೆಸರಿನಿಂದ ನನ್ನ ತಂಗಿಯನ್ನು ಕರೆ. ಅವಳಿಗೆ ಶಾಂತಿ ಕೊಡು.