ಅಂಗೈಯಷ್ಟು ರಿವಾಲ್ವರ್

ಐದನೆಯ ಗುಂಡು ಮಣ್ಣಿನ ದಿಬ್ಬದೊಳಗೆ ಹೊಕ್ಕು ಧೂಳೆಬ್ಬಿಸಿತು. ಹಲಗೆಗೆ ಮೊಳೆ ಹೊಡೆದು ನಿಲ್ಲಿಸಿದ್ದ ಕಾಗದದ ತಟ್ಟೆ ಮಾತ್ರ ಕಟ್ಟಿನಿಂದ ತೆಗೆದಾಗ ಹೇಗಿತ್ತೋ ಹಾಗೇ ಬೆಳ್ಳಗೆ ಉಳಿದಿತ್ತು. ಗ್ಲೆಂಡಾ ರಿವಾಲ್ವರಿನ ಮೂತಿಯನ್ನು ನೆಲದತ್ತ ಇಳಿಸಿ, ಗಂಡನ ಮುಖ ನೋಡಿ ನಕ್ಕಳು.

"ಚೆನ್ನಾಗಿದೆ," ಎಂದಳು. ಬಲಗೈಯನ್ನು ಜೀನ್ಸಿನ ಜೇಬಿಗೆ ತುರುಕಿಕೊಂಡಳು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಚರ್ಮ ಕೆಂಪಾಗಿದ್ದುದು ವರ್ಲಿನ್‌ಗೆ ಕಾಣಿಸಲಿಲ್ಲ.

ಮದುವೆಯಾಗಿ ಮೂವತ್ತೊಂದು ವರ್ಷ ತುಂಬಿದ ದಿನ ಅವನು ಕೊಟ್ಟ ಉಡುಗೊರೆ ಅದು. ಅಂಗೈಯಷ್ಟಿತ್ತು; ತೂಕವೇ ಇಲ್ಲವೆನ್ನುವಷ್ಟು ಹಗುರ; ಹಿಡಿಗೆ ಹೊಳಪು ಕೊಟ್ಟ ವಾಲ್ನಟ್ ಮರ. ಹೆಂಗಸಿನ ಕೈ ಚಿಕ್ಕದು, ಹಾಗಾಗಿ ಆಯುಧವೂ ಚಿಕ್ಕದಿರಬೇಕು. ಅವನು ಕೆಲಸ ಮಾಡುವ ದನದ ಮೇವಿನ ಗಿರಣಿಯಲ್ಲಿ ಕಾಫಿ ಕುಡಿಯುತ್ತ ನಿಲ್ಲುವ ಗಂಡಸರೆಲ್ಲ ಹೀಗೇ ಹೇಳುತ್ತಿದ್ದರು, ಹೀಗೇ ಕೊಂಡಿದ್ದರು ಕೂಡ.

ಆಯುಧ ಬೇಕಾಗಿದ್ದು ಸೆಪ್ಟೆಂಬರಿನಿಂದ. ಗ್ಲೆಂಡಾ ಹೆದ್ದಾರಿಯ ಪಕ್ಕದ ಲಾಂಡ್ರಿಯಲ್ಲಿ ಸಂಜೆಯ ಪಾಳಿ ನೋಡಿಕೊಂಡು, ಕೊನೆಗೆ ಒಬ್ಬಳೇ ಬಾಗಿಲು ಹಾಕಬೇಕು. ಬೂದು ಬಣ್ಣದ ವ್ಯಾನೊಂದು ಕಾರು ನಿಲ್ಲಿಸುವ ಜಾಗದ ದೂರದ ದೀಪದ ಕೆಳಗೆ ಬಂದು ನಿಲ್ಲತೊಡಗಿತ್ತು. ಎರಡು ಸಲ ಅದರಿಂದಿಳಿದವನು ಅವಳ ಕಾರಿನವರೆಗೂ ಹಿಂದೆಯೇ ಬಂದಿದ್ದ. ಏನೂ ಮಾತಾಡಿರಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತ್ತು. ಫೋನು ಮಾಡಿದ್ದಕ್ಕೆ ಕೌಂಟಿಯ ಪೊಲೀಸಿನವನು ಬರುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ವರ್ಲಿನ್ ಎರಡು ವಾರ ರಜೆ ಹಾಕಿ ಲಾಂಡ್ರಿಯ ಮುಂದೆ ತನ್ನ ಟ್ರಕ್ಕಿನಲ್ಲಿ ಕೂತಿದ್ದ. ಆಗ ವ್ಯಾನು ಬರಲಿಲ್ಲ. ಅವನು ಗಿರಣಿಯ ಪಾಳಿಗೆ ಮರಳಿದ ಮೇಲೆ ಮತ್ತೆ ಬಂತು.

ಮೂರು ವಾರದಿಂದ ಅವನು ದಿನವೂ ಕೇಳುತ್ತಿದ್ದ, ಬ್ಯಾಗಿನಲ್ಲಿ ಇದೆ ತಾನೇ ಎಂದು. ಇದೆ ಎಂದು ಅವಳು ಹೇಳುತ್ತಿದ್ದಳು. ಸುಳ್ಳು ಹೇಳುವ ಹೆಂಗಸಲ್ಲ ಅವಳು. ಆದರೆ ಅವನು ಏನನ್ನಾದರೂ ಆರಿಸಿ ತಂದು ಕೈಗಿಡುವಾಗ ಅವನ ಮುಖ ಅರಳುವ ರೀತಿಯೇ ಬೇರೆ. ಆ ಮುಖವನ್ನು ಕೆಡಿಸಲಾರದೆ, ಹಿಂದೊಮ್ಮೆ ಬಿಗಿಯಾದ ಬೂಟುಗಳನ್ನು ಎರಡು ಚಳಿಗಾಲ ಹಾಕಿಕೊಂಡು ತಿರುಗಿದವಳು. ಬೂಟಿನ ವಿಷಯದಲ್ಲಿ ಕೆಟ್ಟಿದ್ದು ಕಾಲ್ಬೆರಳ ಉಗುರು ಮಾತ್ರ. ಇದು ಹಾಗಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ವರ್ಲಿನ್ ತಟ್ಟೆಯನ್ನೇ ನೋಡುತ್ತ ನಿಂತಿದ್ದ. ಚಿಕ್ಕವನಿದ್ದಾಗ ಅಪ್ಪ ಕಲಿಸಿದ್ದನ್ನು ಮಾಡಿ ನೋಡೋಣ ಎಂದ. ಅವಳನ್ನು ಆಚೆ ತಿರುಗಿ ನಿಲ್ಲಲು ಹೇಳಿ, ರಿವಾಲ್ವರಿನ ಐದು ಮನೆಗಳಲ್ಲಿ ಮೂರಕ್ಕೆ ಗುಂಡು ಹಾಕಿ, ಎರಡಕ್ಕೆ ಆಗಲೇ ಸಿಡಿದ ಖಾಲಿ ತೋಟಾ ತುಂಬಿಸಿದ. ಯಾವುದು ಯಾವಾಗ ಬರುತ್ತದೆಂದು ಹೊಡೆಯುವವರಿಗೆ ತಿಳಿಯಬಾರದು. ಖಾಲಿಯದು ಬಂದಾಗ ಕೈ ಏನು ಮಾಡುತ್ತದೆ ಎಂಬುದನ್ನು ನೋಡಬೇಕು, ಅಷ್ಟೇ.

ಮೊದಲನೆಯದು ಸಿಡಿಯಿತು. ಎರಡನೆಯದು ಟಕ್ ಎಂದಿತು. ಸದ್ದೂ ಇಲ್ಲ, ಒದೆತವೂ ಇಲ್ಲ. ಆದರೂ ಬಾರದ ಒದೆತಕ್ಕೆ ಕೈ ಮೊದಲೇ ಹೆದರಿ, ನಳಿಗೆ ನೀರಿಗೆ ಬಗ್ಗಿದ ಕರುವಿನಂತೆ ಹುಲ್ಲಿನ ಕಡೆ ಬಾಗಿತು. ಗ್ಲೆಂಡಾಳ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು.

ಅವನು ಅವಳ ಕೈಯಿಂದ ರಿವಾಲ್ವರನ್ನು ತೆಗೆದುಕೊಂಡು ಬರಿದು ಮಾಡಿದ. ಆಮೇಲೆ ಅವಳ ಅಂಗೈ ಬಿಡಿಸಿ ನೋಡಿದ.

"ಎಷ್ಟು ದಿನದಿಂದ ನೋವು?"

"ಮೊದಲನೇ ಗುಂಡಿಂದ."

"ಹೇಳ್ಬಾರ್ದಾಗಿತ್ತಾ, ಗ್ಲೆನ್?"

"ಹೇಳ್ಬೇಕು ಅಂತ ಬಾಯಿ ತೆಗೀತಿದ್ದೆ. ನೀನು ಹುಟ್ಟುಹಬ್ಬದ ಮಗು ಥರ ನೋಡ್ತಾ ನಿಂತಿರ್ತಿದ್ದೆ." ಉಳಿದದ್ದನ್ನೂ ಹೇಳಿಬಿಟ್ಟಳು. "ಅದು ಬ್ಯಾಗಲ್ಲಿಲ್ಲ ವರ್ಲಿನ್. ಮೂರು ವಾರದಿಂದ ಕಾಲುಚೀಲದ ಡ್ರಾಯರಲ್ಲಿದೆ. ಹೆದರಿಕೊಂಡು ಹೊಡೆದು ಇನ್ಯಾರಿಗೋ ತಗುಲಿದ್ರೆ ಅಂತ."

ಅವನು ಟ್ರಕ್ಕಿನ ಇಳಿಬಿಟ್ಟ ಹಿಂಬದಿ ಹಲಗೆಯ ಮೇಲೆ ಕೂತ. ಮೂರು ವಾರ ಅವಳು ಬರಿಗೈಯಲ್ಲಿ ಆ ದೀಪದ ಕೆಳಗೆ ನಡೆದಿದ್ದಳು. ಅವನು ಗಿರಣಿಯಲ್ಲಿ ನೆಮ್ಮದಿಯಾಗಿ ಮೂಟೆ ಹೊಲಿಯುತ್ತಿದ್ದ. ಬೈಯಬೇಕೋ ಕ್ಷಮೆ ಕೇಳಬೇಕೋ ತಿಳಿಯದೆ, ಅಭ್ಯಾಸವಾದರೆ ಸರಿಹೋಗುತ್ತದೆ ಎಂದ. ಆಯುಧದ ತಪ್ಪಲ್ಲ ಎಂದೂ ಸೇರಿಸಿದ.

"ಹಾಗಾದ್ರೆ ನೀನು ಹೊಡಿ. ನಾನು ತುಂಬಿಸ್ತೀನಿ."

ಅವನು ತಿರುಗಿ ನಿಂತ. ಅವಳು ಬಹಳ ಹೊತ್ತು ತೆಗೆದುಕೊಂಡು, ಅವನು ಮಾಡಿದಂತೆಯೇ ತುಂಬಿಸಿ ಕೊಟ್ಟಳು. ಎರಡು ಗುಂಡು ಸಿಡಿದವು. ಒಂದು ತಟ್ಟೆಯ ಅಂಚನ್ನು ಹರಿಯಿತು. ಮೂರನೆಯದಕ್ಕೆ ಟಕ್ ಎಂದಿತು. ನಳಿಗೆ ಅವಳದಕ್ಕಿಂತ ನಾಲ್ಕು ಬೆರಳು ಹೆಚ್ಚೇ ಬಾಗಿತು. ಬೇಲಿಯಾಚೆ ಅವನ ತಮ್ಮನ ಹಸುವೊಂದು ಮೆಲುಕು ನಿಲ್ಲಿಸಿ ನೋಡಿತು.

"ಗಾಳಿ," ಎಂದ ವರ್ಲಿನ್.

ಎಲೆಯೊಂದೂ ಅಲುಗುತ್ತಿರಲಿಲ್ಲ. ಗ್ಲೆಂಡಾ ತುಟಿ ಕಚ್ಚಿಕೊಂಡಳು. ಅವನ ಹೆಗಲು ಕುಲುಕತೊಡಗಿದಾಗ ಅವಳಿಗೂ ತಡೆಯಲಾಗಲಿಲ್ಲ. ಇಬ್ಬರೂ ಟ್ರಕ್ಕಿಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಗು ಇಳಿದ ಮೇಲೆ ಅವನು ಕೈ ಉಜ್ಜಿಕೊಳ್ಳುತ್ತ, ನೆಲ ನೋಡಿಕೊಂಡು ಹೇಳಿದ:

"ಅಂಗಡೀಲಿ ಹಿಡಿದು ನೋಡಿದ್ದೆ ಅಷ್ಟೇ. ಹೊಡೆದು ನೋಡಿರ್ಲಿಲ್ಲ. ನಿನ್ನ ಕೈ ನೆನೆಸ್ಕೊಂಡೆ, ಸರಿಹೋಗುತ್ತೆ ಅನ್ನಿಸ್ತು."

ಶನಿವಾರ ಬೆಳಿಗ್ಗೆ ಇಬ್ಬರೂ ಡೆಲ್ಬರ್ಟನ ಅಂಗಡಿಗೆ ಹೋದರು. ಒಂದು ಕಡೆ ಮೀನಿನ ಗಾಳಗಳು, ಇನ್ನೊಂದು ಕಡೆ ಬಂದೂಕುಗಳು. ಹಿಂಭಾಗದಲ್ಲಿ ದಪ್ಪ ಗಾಜಿನಾಚೆ ಗುಂಡು ಹೊಡೆದು ನೋಡುವ ಉದ್ದನೆಯ ಕೋಣೆ. ಡೆಲ್ಬರ್ಟ್ ರಿವಾಲ್ವರನ್ನು ವಾಪಸು ತೆಗೆದುಕೊಳ್ಳಲು ತಕರಾರು ಮಾಡಲಿಲ್ಲ. ಬಣ್ಣ ಇಷ್ಟವಾಗಲಿಲ್ಲವೇನೋ ಎಂದುಕೊಂಡು, ನೇರಳೆ ಬಣ್ಣದ್ದೊಂದನ್ನು ವರ್ಲಿನ್‌ನ ಮುಂದಿಟ್ಟ.

"ಅವಳನ್ನ ಕೇಳಪ್ಪ," ಎಂದ ವರ್ಲಿನ್. "ನಾನು ಗಾಡಿ ಓಡಿಸೋಕೆ ಬಂದಿರೋನು."

ಗ್ಲೆಂಡಾ ಅಭ್ಯಾಸಬಲದಿಂದ ಗಂಡನ ಕಡೆ ನೋಡಿದಳು. ಅವನು ಗಾಳಗಳನ್ನು ನೋಡುತ್ತಿದ್ದ. ಅವಳು ತನ್ನ ಹೆಬ್ಬೆರಳ ಗಂಟು ನೋಯುವುದನ್ನು, ಒದೆತಕ್ಕೆ ಕಣ್ಣು ಮುಚ್ಚುವುದನ್ನು, ಬ್ಯಾಗು ದೊಡ್ಡದಿರುವುದರಿಂದ ಆಯುಧ ಚಿಕ್ಕದೇ ಆಗಬೇಕಿಲ್ಲ ಎಂಬುದನ್ನು ಒಂದೊಂದಾಗಿ ಹೇಳಿದಳು. ಡೆಲ್ಬರ್ಟ್ ನಾಲ್ಕೈದು ಪಿಸ್ತೂಲುಗಳನ್ನು ತೆಗೆದಿಟ್ಟ. ಮೇಲಿನ ಲೋಹದ ಭಾಗವನ್ನು ಹಿಂದಕ್ಕೆ ಎಳೆದರೇ ಅವುಗಳಲ್ಲಿ ಗುಂಡು ಏರುವುದು. ಮೂರನ್ನು ಅವಳಿಂದ ಎಳೆಯಲಾಗಲಿಲ್ಲ. ನಾಲ್ಕನೆಯದು ಸಲೀಸಾಗಿ ಬಂತು. ಮೈ ದಪ್ಪ, ಹಿಡಿ ಪೂರ್ತಿ ಕೈ ತುಂಬುವಷ್ಟು ದೊಡ್ಡದು, ಗುಂಡು ಮಾತ್ರ ಸಣ್ಣದು. ಆಯುಧ ಹಗುರವಾದಷ್ಟೂ ಒದೆತ ಹೆಚ್ಚು, ಇದರಲ್ಲಿ ಕಡಿಮೆ ಎಂದ ಡೆಲ್ಬರ್ಟ್. ಆಮೇಲೆ ಗಾಳಗಳ ಬಳಿ ನಿಂತವನ ಕಡೆ ತಿರುಗಿ ಕಣ್ಣು ಮಿಟುಕಿಸಿದ.

"ಅಳಿಲು ಹೊಡೆಯೋಕೂ ಸಾಲಲ್ಲ ಅಂತಿದ್ಯಲ್ಲ ವರ್ಲಿನ್, ಅದೇ ಇದು."

ವರ್ಲಿನ್ ಗಾಳಗಳನ್ನು ಬಿಟ್ಟು ಈ ಕಡೆ ತಿರುಗಿದ. ತಾನು ಹಾಗೆ ಹೇಳಿದ್ದು ನಿಜ; ಒಂದಲ್ಲ, ಹತ್ತು ಸಲ ಹೇಳಿದ್ದ.

"ನಾನು ಸಾವಿರ ಅಂದಿರ್ತೀನಿ. ಅವಳ ಕೈಗೆ ಕೊಡು," ಎಂದ.

ಗಾಜಿನಾಚೆ ಅವಳು ಕಾಲು ಅಗಲಿಸಿ ನಿಂತಳು. ಎಡ ಮೊಣಕೈ ಸ್ವಲ್ಪ ಬಾಗಿದೆ, ಹೇಳಲೇ ಎಂದು ವರ್ಲಿನ್‌ಗೆ ಅನ್ನಿಸಿತು. ಗಾಜು ತಟ್ಟಲು ಎತ್ತಿದ ಕೈಯನ್ನು ಪ್ಯಾಂಟಿನ ಹಿಂಜೇಬಿಗೆ ಹಾಕಿದ, ಇನ್ನೊಂದನ್ನೂ ಹಾಕಿದ. ಅವಳು ಒಂದು ಗುಂಡು ಹೊಡೆದಳು. ತಡೆದಳು. ಆಮೇಲೆ ಒಂದರ ಹಿಂದೊಂದರಂತೆ, ತುಂಬಿಸಿದ್ದ ಆರು ಗುಂಡುಗಳನ್ನೂ ಮುಗಿಸಿದಳು. ಕಾಗದದ ಮೇಲಿನ ತೂತುಗಳು ಅಂದವಾಗೇನೂ ಇರಲಿಲ್ಲ; ಆದರೆ ಎಲ್ಲವೂ ಒಂದು ಊಟದ ತಟ್ಟೆಯ ಅಗಲದೊಳಗೆ ಇದ್ದವು.

ಅವಳು ತಿರುಗಿ ನೋಡುತ್ತಾಳೆಂದು ಅವನು ನಗುಮುಖ ಸಿದ್ಧ ಮಾಡಿಕೊಂಡು ನಿಂತಿದ್ದ. ಅವಳು ತಿರುಗಲಿಲ್ಲ. ತಲೆ ಬಗ್ಗಿಸಿ, ಹೆಬ್ಬೆರಳನ್ನು ಒಮ್ಮೆ ಮಡಿಸಿ ಬಿಡಿಸಿ, ತಾನೇ ಮತ್ತೆ ಗುಂಡು ತುಂಬಿಸಿಕೊಳ್ಳತೊಡಗಿದಳು. ಅವನ ಉಸಿರು ಗಾಜಿನ ಮೇಲೆ ಮಂಜಿನಂತೆ ಕಟ್ಟಿತ್ತು. ಅಂಗಿಯ ತೋಳಿನಿಂದ ಅದನ್ನು ಒರೆಸಿ, ಅವನು ಒಂದು ಹೆಜ್ಜೆ ಹಿಂದೆ ಸರಿದು ನಿಂತ.